ಸಾವಿನ ಮನೆಯ ಸಾಂತ್ವನ

ಸಾವು ಬಂದ ಮನೆಯಲ್ಲಿ ಆ ದಿನ ಒಲೆ ಉರಿಯುವುದಿಲ್ಲ. ಅನ್ನ ನೆರೆಮನೆಯಿಂದ ಬರುತ್ತದೆ. ಬಂದವರಲ್ಲಿ ಒಬ್ಬರು ಬಿದಿರಿಗೆ ಹೇಳಿಕಳುಹಿಸುತ್ತಾರೆ. ಒಬ್ಬರು ಪರಸ್ಥಳದ ನೆಂಟರಿಗೆ ಸುದ್ದಿ ಮುಟ್ಟಿಸುತ್ತಾರೆ. ಮತ್ತೊಬ್ಬರು ಮಕ್ಕಳನ್ನು ತಮ್ಮ ಮನೆಗೆ ಕರೆದುಕೊಂಡು ಹೋಗುತ್ತಾರೆ. ಹಿರಿಯಾಕೆಯೊಬ್ಬಳು ಯಾವ ಮಾತನ್ನೂ ಆಡದೆ ಮನೆಯೊಡತಿಯ ಪಕ್ಕದಲ್ಲಿ ಕುಳಿತುಬಿಡುತ್ತಾಳೆ. ಇವರಲ್ಲಿ ಯಾರಿಗೂ ಸಂಬಳವಿಲ್ಲ. ಯಾರೂ ಮನಶ್ಶಾಸ್ತ್ರವನ್ನು ಓದಿದವರಲ್ಲ. ಆದರೂ ಕೆಲಸ ನಡೆಯುತ್ತದೆ. ಹೇಗೋ ನಡೆಯುತ್ತದೆ ಎಂಬ ಕಾರಣದಿಂದಲೇ ಅದರ ಬೆಲೆ ನಮಗೆ ತಿಳಿಯುವುದಿಲ್ಲ.

ಈ ಕೆಲಸವನ್ನೆಲ್ಲ ನೆರೆಯವರ ಕೈಯಿಂದ ತೆಗೆದು ಒಂದು ವೃತ್ತಿಯ ಕೈಗೆ ಒಪ್ಪಿಸಿದ ದೇಶ ಅಮೆರಿಕ. ಶವವನ್ನು ತೊಳೆಯುವುದರಿಂದ ಹಿಡಿದು ಮಣ್ಣು ಮಾಡುವವರೆಗಿನ ಎಲ್ಲವನ್ನೂ ಹಣ ಕೊಟ್ಟು ಮಾಡಿಸುವ ರೂಢಿ ಅಲ್ಲಿ ಒಂದೂವರೆ ಶತಮಾನದಿಂದ ಬೆಳೆದುಬಂದಿದೆ. ಕೊನೆಗೆ ಸಾಂತ್ವನವೂ ಆ ಪಟ್ಟಿಯಲ್ಲಿ ಸೇರಿತು. ದುಃಖಿತರ ಮನಸ್ಸನ್ನು ಬಲ್ಲವರು ನಾವು ಎಂದು ಶವಸಂಸ್ಕಾರದ ವೃತ್ತಿಯವರು ಹೇಳತೊಡಗಿದರು. ಅದರಲ್ಲಿ ಶಾಸ್ತ್ರವೆಷ್ಟು, ಅಂಗಡಿಯ ಮಾತೆಷ್ಟು ಎಂಬ ಜಗಳ ಅಲ್ಲಿ ಬಹುಕಾಲ ನಡೆಯಿತು.

ಆ ಜಗಳದಿಂದ ನಮಗೇನು ಎನ್ನುವಂತಿಲ್ಲ. ನಮ್ಮ ನಗರಗಳಲ್ಲಿಯೂ ಹೆಗಲು ಕೊಡುವವರು ಕಡಮೆಯಾಗಿ ವಾಹನ ಬಂದಿದೆ. ಸೌದೆಯ ಚಿತೆಯ ಪಕ್ಕದಲ್ಲಿ ವಿದ್ಯುತ್ ಚಿತಾಗಾರ ಬಂದಿದೆ. ಮಕ್ಕಳು ಕಡಲಾಚೆ ಇರುತ್ತಾರೆ. ಎದುರು ಬಾಗಿಲಿನವರ ಹೆಸರು ನಮಗೆ ಗೊತ್ತಿರುವುದಿಲ್ಲ. ಪಕ್ಕದಲ್ಲಿ ಬಂದು ಕೂರುತ್ತಿದ್ದ ಆ ಹಿರಿಯಾಕೆಯ ಜಾಗದಲ್ಲಿ ನಾಳೆ ಯಾರು ಕೂರುತ್ತಾರೆ ಎಂಬ ಪ್ರಶ್ನೆ ನಮ್ಮದೂ ಹೌದು.

ಯುದ್ಧ ಕಲಿಸಿದ ವಿದ್ಯೆ

ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಅಮೆರಿಕದಲ್ಲಿಯೂ ಸಾವು ಮನೆಯೊಳಗಿನ ಸಂಗತಿಯೇ ಆಗಿತ್ತು. ಮನೆಯ ಮತ್ತು ನೆರೆಯ ಹೆಂಗಸರು ಶವಕ್ಕೆ ಸ್ನಾನ ಮಾಡಿಸಿ ಬಟ್ಟೆ ತೊಡಿಸುತ್ತಿದ್ದರು. ಊರಿನ ಬಡಗಿ ಮರದ ಪೆಟ್ಟಿಗೆ ಮಾಡಿಕೊಡುತ್ತಿದ್ದ. ನಡುಮನೆಯಲ್ಲಿ ಶವವನ್ನು ಇಟ್ಟುಕೊಂಡು ನಂಟರಿಷ್ಟರು ರಾತ್ರಿ ಎಚ್ಚರವಿರುತ್ತಿದ್ದರು. ಮಾರನೆಯ ದಿನವೋ ಅದರ ಮಾರನೆಯ ದಿನವೋ ಮಣ್ಣು. ಇಷ್ಟೇ.

೧೮೬೧ರಲ್ಲಿ ಉತ್ತರದ ರಾಜ್ಯಗಳಿಗೂ ದಕ್ಷಿಣದ ರಾಜ್ಯಗಳಿಗೂ ಅಂತರ್ಯುದ್ಧ ಹತ್ತಿಕೊಂಡಿತು. ನಾಲ್ಕು ವರ್ಷಗಳಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು. ಅವರು ಸತ್ತದ್ದು ಮನೆಯಿಂದ ನೂರಾರು ಮೈಲಿ ದೂರದಲ್ಲಿ, ಗುರುತಿಲ್ಲದ ಹೊಲಗಳಲ್ಲಿ. ಮಗನ ಮುಖವನ್ನು ಒಮ್ಮೆ ನೋಡಬೇಕೆಂಬ ತಾಯಿಯ ಆಸೆಗೆ ಬೇಸಗೆಯ ಬಿಸಿಲು ಅಡ್ಡಬಂದಿತು. ರಕ್ತನಾಳಗಳಲ್ಲಿ ರಾಸಾಯನಿಕ ದ್ರವವನ್ನು ತುಂಬಿ ಶವ ಕೆಡದಂತೆ ಮಾಡುವ ವಿದ್ಯೆಗೆ ಬೇಡಿಕೆ ಬಂದದ್ದು ಆಗ. ಈ ‘ಎಂಬಾಮಿಂಗ್’ ಅದುವರೆಗೆ ವೈದ್ಯಶಾಲೆಗಳ ಅಂಗಚ್ಛೇದದ ಮೇಜಿಗೆ ಸೇರಿದ್ದಾಗಿತ್ತು.

ಯುದ್ಧದಲ್ಲಿ ಸತ್ತ ಉತ್ತರ ಪಕ್ಷದ ಮೊದಲ ಅಧಿಕಾರಿ ಕರ್ನಲ್ ಎಲ್ಮರ್ ಎಲ್ಸ್‌ವರ್ತ್, ಅಧ್ಯಕ್ಷ ಲಿಂಕನ್ನನಿಗೆ ಪ್ರಿಯನಾದ ತರುಣ. ೧೮೬೧ರ ಮೇ ತಿಂಗಳಲ್ಲಿ ಅವನ ಶವವನ್ನು ಡಾಕ್ಟರ್ ಥಾಮಸ್ ಹೋಮ್ಸ್ ಎಂಬವನು ಈ ರೀತಿ ಸಿದ್ಧಪಡಿಸಿದ. ಶ್ವೇತಭವನದಲ್ಲಿ ಅದನ್ನು ದರ್ಶನಕ್ಕಿಟ್ಟರು. ಯುದ್ಧ ಮುಗಿಯುವುದರೊಳಗೆ ತಾನು ನಾಲ್ಕು ಸಾವಿರಕ್ಕೂ ಹೆಚ್ಚು ಶವಗಳಿಗೆ ಈ ಸಂಸ್ಕಾರ ಮಾಡಿದೆನೆಂದು ಹೋಮ್ಸ್ ಹೇಳಿಕೊಂಡ. ಅವನ ದರ ಶವಕ್ಕೆ ನೂರು ಡಾಲರ್ ಎಂದು ಹೇಳುತ್ತಾರೆ. ಯುದ್ಧದ ಮೊದಲ ವರ್ಷಗಳಲ್ಲಿ ಸಾಮಾನ್ಯ ಸಿಪಾಯಿಯ ತಿಂಗಳ ಸಂಬಳ ೧೩ ಡಾಲರ್. ದುಃಖ ಎಲ್ಲರದ್ದು, ಮುಖ ನೋಡುವ ಭಾಗ್ಯ ಮಾತ್ರ ಉಳ್ಳವರದ್ದಾಯಿತು. ಈ ಕಸುಬಿನವರು ರಣರಂಗದ ಅಂಚಿನಲ್ಲಿಯೇ ಡೇರೆ ಹಾಕಿ ಗಿರಾಕಿಗಳಿಗಾಗಿ ಕಾಯುತ್ತಿದ್ದುದುಂಟು.

೧೮೬೫ರ ಏಪ್ರಿಲ್‌ನಲ್ಲಿ ಲಿಂಕನ್ನನೇ ಕೊಲೆಯಾದ. ಅವನ ಶವವನ್ನು ಹೊತ್ತ ರೈಲುಗಾಡಿ ಏಪ್ರಿಲ್ ೨೧ರಂದು ವಾಷಿಂಗ್ಟನ್ನನ್ನು ಬಿಟ್ಟು, ಸುಮಾರು ೧,೬೫೦ ಮೈಲಿ ಸುತ್ತಿ, ಮೇ ೩ರಂದು ಸ್ಪ್ರಿಂಗ್‌ಫೀಲ್ಡಿಗೆ ತಲುಪಿತು. ಮೂರು ವರ್ಷಗಳ ಹಿಂದೆ ಸತ್ತಿದ್ದ ಅವನ ಮಗ ವಿಲ್ಲಿಯ ಪೆಟ್ಟಿಗೆಯೂ ಅದೇ ಗಾಡಿಯಲ್ಲಿತ್ತು. ದಾರಿಯ ನಗರಗಳಲ್ಲಿ ಲಕ್ಷಾಂತರ ಜನ ಸಾಲುನಿಂತು ಮುಖವನ್ನು ನೋಡಿದರು. ಶವವನ್ನು ಎರಡು ವಾರ ಇಟ್ಟುಕೊಂಡು ಗೌರವದಿಂದ ಕಳುಹಿಸಿಕೊಡಬಹುದು ಎಂಬುದನ್ನು ಅಮೆರಿಕದ ಜನ ಕಣ್ಣಾರೆ ಕಂಡರು. ಆ ಕಸುಬಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿರಲಿಲ್ಲ.

ಮುಂದಿನದು ಬೇಗ ನಡೆಯಿತು. ೧೮೮೨ರಲ್ಲಿ ಶವಸಂಸ್ಕಾರದ ನಿರ್ದೇಶಕರ ರಾಷ್ಟ್ರೀಯ ಸಂಘ ಹುಟ್ಟಿತು. ಪೆಟ್ಟಿಗೆ ಮಾಡುವ ಬಡಗಿ ಈಗ ‘ಫ್ಯೂನರಲ್ ಡೈರೆಕ್ಟರ್’ ಆದ. ೧೮೯೫ರಲ್ಲಿ ‘ಮಾರ್ಟಿಷಿಯನ್’ ಎಂಬ ಹೊಸ ಪದವನ್ನು ಟಂಕಿಸಿದರು. ವೈದ್ಯನಿಗಿರುವ ‘ಫಿಜಿಷಿಯನ್’ ಎಂಬ ಹೆಸರಿನ ಜೊತೆಗೆ ಅದು ಪ್ರಾಸವಾಗಿ ಕೂರಬೇಕೆಂಬುದೇ ಆಸೆ. ಜನ ಸಾಯುವುದು ಆಸ್ಪತ್ರೆಯಲ್ಲಿ ಎಂದಾಯಿತು. ಶವ ಇರುವುದು ವೃತ್ತಿಯವನ ಮಂದಿರದಲ್ಲಿ ಎಂದಾಯಿತು. ಮನೆಯವರಿಗೆ ಉಳಿದದ್ದು ಅಳುವ ಕೆಲಸ ಒಂದೇ. ಅದನ್ನು ಹೇಗೆ ಮಾಡಬೇಕೆಂದು ತಿಳಿಸುವವರೂ ಮುಂದೆ ಬಂದರು.

ಬಾಸ್ಟನ್ನಿನ ಬೆಂಕಿ

೧೯೪೨ರ ನವೆಂಬರ್ ೨೮, ಶನಿವಾರ ರಾತ್ರಿ. ಬಾಸ್ಟನ್ ನಗರದ ‘ಕೋಕನಟ್ ಗ್ರೋವ್’ ಎಂಬ ನೈಟ್ ಕ್ಲಬ್ಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುಮಾರು ೪೬೦ ಜನರಿಗೆ ಅನುಮತಿಯಿದ್ದ ಕಟ್ಟಡದಲ್ಲಿ ಸಾವಿರದಷ್ಟು ಮಂದಿ ಸೇರಿದ್ದರು. ರಜೆಯ ಮೇಲೆ ಬಂದ ಸೈನಿಕರು, ಅಂದಿನ ಫುಟ್‌ಬಾಲ್ ಪಂದ್ಯವನ್ನು ನೋಡಿಬಂದವರು, ಅದೇ ದಿನ ಮದುವೆಯಾದ ಗಂಡುಹೆಣ್ಣು, ಎಲ್ಲರೂ ಅಲ್ಲಿದ್ದರು. ಹೆಸರಿಗೆ ತಕ್ಕಂತೆ ಕೃತಕ ತೆಂಗಿನ ಮರಗಳು. ಚಾವಣಿಗೆ ಬಟ್ಟೆಯ ಅಲಂಕಾರ. ರಾತ್ರಿ ಹತ್ತೂಕಾಲರ ಸುಮಾರಿಗೆ ನೆಲಮಾಳಿಗೆಯಲ್ಲಿ ಕಿಡಿ ಕಾಣಿಸಿತು. ಕೆಲವೇ ನಿಮಿಷಗಳಲ್ಲಿ ಉರಿ ಕಟ್ಟಡವನ್ನೆಲ್ಲ ಹಬ್ಬಿತು. ಮುಂಬಾಗಿಲು ಸುತ್ತುವ ಬಾಗಿಲು. ಎರಡು ಕಡೆಯಿಂದ ನುಗ್ಗಿದ ಜನರ ಒತ್ತಡಕ್ಕೆ ಅದು ಸಿಕ್ಕಿಕೊಂಡು ನಿಂತುಬಿಟ್ಟಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ. ಕೆಲವು ಒಳಕ್ಕೆ ತೆರೆಯುವಂಥವು. ಸತ್ತವರು ೪೯೨ ಮಂದಿ. ಮದುಮಕ್ಕಳೂ ಅವರಲ್ಲಿ ಸೇರಿದ್ದರು.

ಕ್ಲಬ್ಬಿನ ಮಾಲೀಕನಿಗೆ ಶಿಕ್ಷೆಯಾಯಿತು. ಸುತ್ತುವ ಬಾಗಿಲಿನ ಪಕ್ಕದಲ್ಲಿ ಹೊರಕ್ಕೆ ತೆರೆಯುವ ಬಾಗಿಲು ಇರಲೇಬೇಕೆಂಬ ನಿಯಮ ಬಂದಿತು. ಸುಟ್ಟಗಾಯದ ಚಿಕಿತ್ಸೆಯಲ್ಲಿ ಹೊಸ ಕ್ರಮಗಳು ಬಂದವು. ಆಗತಾನೆ ಸಿದ್ಧವಾಗುತ್ತಿದ್ದ ಪೆನಿಸಿಲಿನ್ ಔಷಧವನ್ನು ತರಿಸಿ ಕೆಲವರಿಗೆ ಕೊಟ್ಟರು. ಇವೆಲ್ಲ ಚರಿತ್ರೆಯಲ್ಲಿ ದಾಖಲಾಗಿವೆ. ಆದರೆ ಬೆಂಕಿಯ ಇನ್ನೊಂದು ಫಲ ಸದ್ದಿಲ್ಲದೆ ಬಂದಿತು.

ಗಾಯಗೊಂಡವರಲ್ಲಿ ೩೯ ಮಂದಿಯನ್ನು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಇಟ್ಟುಕೊಂಡಿದ್ದರು. ಅವರಲ್ಲಿ ಹಲವರ ಹೆಂಡತಿ, ಗಂಡ, ಅಣ್ಣತಮ್ಮಂದಿರು ಬೆಂಕಿಯಲ್ಲಿ ಹೋಗಿದ್ದರು. ಚರ್ಮ ಮಾಯುತ್ತಿದ್ದರೂ ಕೆಲವರು ಗುಣವಾಗುತ್ತಿರಲಿಲ್ಲ. ಶಸ್ತ್ರವೈದ್ಯರು ಮನೋವೈದ್ಯರನ್ನು ಕರೆದರು. ಸ್ಟ್ಯಾನ್ಲಿ ಕಾಬ್ ಎಂಬ ಮುಖ್ಯ ವೈದ್ಯರ ಜೊತೆಯಲ್ಲಿ ಈ ಕೆಲಸಕ್ಕೆ ಬಂದವರು ಎರಿಕ್ ಲಿಂಡೆಮನ್. ೧೯೦೦ರಲ್ಲಿ ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದವರು.

ಲಿಂಡೆಮನ್ ವಿವರಿಸಿದ ಒಬ್ಬ ರೋಗಿಯ ಕಥೆಯನ್ನು ಇಲ್ಲಿ ಹೇಳಬೇಕು. ಅವನಿಗೆ ಮೂವತ್ತೆರಡು ವರ್ಷ. ಸುಟ್ಟಗಾಯ ಅಲ್ಪವಾಗಿತ್ತು. ಐದನೆಯ ದಿನ ಹೆಂಡತಿ ಸತ್ತ ಸುದ್ದಿಯನ್ನು ತಿಳಿಸಿದಾಗ ಅವನು ಅಳಲಿಲ್ಲ. ಬಹಳ ಧೈರ್ಯವಂತನೆಂದು ಶಸ್ತ್ರವೈದ್ಯರು ಮೆಚ್ಚಿಕೊಂಡರು. ಮನೆಗೆ ಹೋದ. ಹೊಸ ವರ್ಷದ ದಿನ ಮನೆಯವರು ಅವನನ್ನು ಮತ್ತೆ ಆಸ್ಪತ್ರೆಗೆ ತಂದರು. ನಿಂತಲ್ಲಿ ನಿಲ್ಲಲಾರ, ಕುಳಿತಲ್ಲಿ ಕೂರಲಾರ. ಬೆಂಕಿಯ ನಡುವೆ ಅವಳನ್ನು ಎಳೆದುಕೊಳ್ಳಲು ಹೋಗಿ ಅವನು ಮೂರ್ಛೆ ಹೋಗಿದ್ದ. ಜನರ ನೂಕಾಟ ಅವನನ್ನು ಹೊರಕ್ಕೆ ತಳ್ಳಿತ್ತು. ಅವಳನ್ನು ಉಳಿಸಬೇಕಾಗಿತ್ತು, ಇಲ್ಲವೆ ತಾನೂ ಸಾಯಬೇಕಾಗಿತ್ತು ಎಂಬುದೊಂದೇ ಅವನ ಮಾತು. ಕೆಲವು ದಿನಗಳ ಮೇಲೆ ಆಸ್ಪತ್ರೆಯಲ್ಲಿಯೇ ಅವನು ತನ್ನ ಪ್ರಾಣವನ್ನು ಕಳೆದುಕೊಂಡ. ಅಳದಿದ್ದವನನ್ನು ಧೈರ್ಯವಂತನೆಂದು ತಿಳಿದದ್ದು ಎಂಥ ತಪ್ಪು ಎಂಬುದು ವೈದ್ಯರಿಗೆ ಮನದಟ್ಟಾಯಿತು.

ದುಃಖದ ಲಕ್ಷಣಗಳು

ದುಃಖವನ್ನು ಕುರಿತು ಶಾಸ್ತ್ರೀಯವಾಗಿ ಬರೆದವರಲ್ಲಿ ಲಿಂಡೆಮನ್ ಮೊದಲಿಗರಲ್ಲ. ಸಿಗ್ಮಂಡ್ ಫ್ರಾಯ್ಡ್ ೧೯೧೭ರಲ್ಲಿ ಶೋಕವನ್ನೂ ವಿಷಾದರೋಗವನ್ನೂ ಹೋಲಿಸಿ ಪ್ರಬಂಧವೊಂದನ್ನು ಪ್ರಕಟಿಸಿದ್ದ. ಶೋಕವೂ ಒಂದು ಕೆಲಸ. ಮನಸ್ಸು ಸತ್ತವರ ಒಂದೊಂದು ನೆನಪನ್ನೂ ಎತ್ತಿ ನೋಡಿ, ಕೊನೆಗೆ ಆ ಕಟ್ಟನ್ನು ಬಿಡಿಸಿಕೊಳ್ಳುತ್ತದೆ ಎಂಬುದು ಅವನ ಸಿದ್ಧಾಂತದ ಸಾರ. ಸಿದ್ಧಾಂತ ಸಿದ್ಧಾಂತವೇ. ೧೯೨೦ರಲ್ಲಿ ಫ್ರಾಯ್ಡನ ಮಗಳು ಸೋಫಿ ಇನ್‌ಫ್ಲುಯೆಂಜಾದಿಂದ ತೀರಿಕೊಂಡಳು. ಒಂಬತ್ತು ವರ್ಷಗಳ ಅನಂತರ, ಮಗನನ್ನು ಕಳೆದುಕೊಂಡ ಗೆಳೆಯ ಬಿನ್ಸ್‌ವಾಂಗರನಿಗೆ ಬರೆದ ಕಾಗದದಲ್ಲಿ, ಹೋದವರ ಜಾಗವನ್ನು ಏನು ತುಂಬಿದರೂ ಅದು ಬೇರೆಯದಾಗಿಯೇ ಉಳಿಯುತ್ತದೆ, ಹಾಗೆ ಉಳಿಯುವುದೇ ಸರಿ ಎಂಬ ಅರ್ಥದ ಮಾತನ್ನು ಅವನು ಆಡಿದ. ಸೋಫಿ ಬದುಕಿದ್ದರೆ ಅಂದು ಅವಳಿಗೆ ಮೂವತ್ತಾರು ವರ್ಷ ತುಂಬುತ್ತಿತ್ತು. ಕಟ್ಟು ಬಿಡಿಸಿಕೊಳ್ಳುವ ಸಿದ್ಧಾಂತವನ್ನು ಬರೆದವನು ಮಗಳ ಹುಟ್ಟಿದ ದಿನವನ್ನು ಮರೆತಿರಲಿಲ್ಲ.

ಲಿಂಡೆಮನ್ ಮಾಡಿದ್ದು ಬೇರೆ ಬಗೆಯ ಕೆಲಸ. ಬೆಂಕಿಯ ಸಂತ್ರಸ್ತರು, ಆಸ್ಪತ್ರೆಯಲ್ಲಿ ಸತ್ತವರ ಬಂಧುಗಳು, ಯುದ್ಧಕ್ಕೆ ಹೋದವರ ಮನೆಯವರು, ಹೀಗೆ ೧೦೧ ಮಂದಿಯನ್ನು ಅವರು ಮಾತಾಡಿಸಿದರು. ೧೯೪೪ರಲ್ಲಿ ಪ್ರಕಟವಾದ ಅವರ ಪ್ರಬಂಧ ಒಂದು ಜ್ವರವನ್ನು ವರ್ಣಿಸುವಂತೆ ದುಃಖವನ್ನು ವರ್ಣಿಸಿತು. ಅದು ಅಲೆಯಂತೆ ಬರುತ್ತದೆ. ಇಪ್ಪತ್ತು ನಿಮಿಷದಿಂದ ಒಂದು ಗಂಟೆಯವರೆಗೆ ಇರುತ್ತದೆ. ಗಂಟಲು ಬಿಗಿಯುತ್ತದೆ, ಉಸಿರು ಕಟ್ಟುತ್ತದೆ, ನಿಟ್ಟುಸಿರು ತಾನಾಗಿ ಬರುತ್ತದೆ, ಹೊಟ್ಟೆ ಬರಿದಾದಂತೆನಿಸುತ್ತದೆ, ಕೈಕಾಲಿನ ಕಸುವು ಉಡುಗುತ್ತದೆ. ಸತ್ತವರ ರೂಪ ಕಣ್ಣಮುಂದೆ ಕಟ್ಟಿದಂತಿರುತ್ತದೆ. ನಾನು ಹೀಗೆ ಮಾಡಿದ್ದರೆ, ಹಾಗೆ ಮಾಡಿದ್ದರೆ ಎಂಬ ಅಪರಾಧಭಾವ ಕೊರೆಯುತ್ತದೆ. ಸಮಾಧಾನ ಹೇಳಬಂದವರ ಮೇಲೆಯೇ ಕಾರಣವಿಲ್ಲದ ಸಿಡುಕು ಬರುತ್ತದೆ. ದಿನದ ಕೆಲಸಗಳು ಅರ್ಥ ಕಳೆದುಕೊಳ್ಳುತ್ತವೆ.

ಇದನ್ನು ಓದಿದ ಯಾರಿಗಾದರೂ ‘ಇದು ನನಗೆ ಗೊತ್ತು’ ಎನ್ನಿಸುತ್ತದೆ. ಅದೇ ಆ ಪ್ರಬಂಧದ ಹಿರಿಮೆ. ತನಗೆ ಹುಚ್ಚು ಹಿಡಿಯುತ್ತಿದೆ ಎಂದು ಹೆದರಿದ ವಿಧವೆಗೆ, ‘ಇಲ್ಲ ತಾಯಿ, ಇದು ದುಃಖ, ದುಃಖ ಹೀಗೆಯೇ ಇರುತ್ತದೆ’ ಎಂದು ಹೇಳಬಲ್ಲ ಆಧಾರ ವೈದ್ಯನಿಗೆ ದೊರಕಿತು. ಬರಿಯ ಸಮಾಧಾನದ ಮಾತು ಸಾಲದು, ದುಃಖಿತನು ನೋವನ್ನು ತಪ್ಪಿಸಿಕೊಳ್ಳದೆ ಅದರ ಮೂಲಕ ಹಾದುಹೋಗುವಂತೆ ಜೊತೆಗಿರಬೇಕು ಎಂದು ಲಿಂಡೆಮನ್ ಹೇಳಿದರು. ಪಾದ್ರಿಗಳೂ ಸಮಾಜಸೇವಕರೂ ಇದರಲ್ಲಿ ನೆರವಾಗಬಲ್ಲರೆಂದರು.

ಒಂದು ವಿಷಯದಲ್ಲಿ ಅವರು ಆತುರಪಟ್ಟರು. ನಾಲ್ಕಾರು ವಾರಗಳಲ್ಲಿ ಎಂಟು ಹತ್ತು ಸಲ ಭೇಟಿಯಾದರೆ ತೊಡಕಿಲ್ಲದ ದುಃಖವನ್ನು ಒಂದು ನೆಲೆಗೆ ತರಬಹುದು ಎಂದು ಬರೆದರು. ಮುಂದೆ ಲಂಡನ್ನಿನ ವೈದ್ಯ ಕಾಲಿನ್ ಮರ್ರೆ ಪಾರ್ಕ್ಸ್ ೨೨ ಮಂದಿ ವಿಧವೆಯರನ್ನು ಒಂದು ವರ್ಷಕ್ಕೂ ಮೇಲ್ಪಟ್ಟು ಕಂಡು ಮಾತಾಡಿಸಿದಾಗ, ವರ್ಷ ಕಳೆದರೂ ಅನೇಕರ ನೋವು ಮುಗಿದಿರಲಿಲ್ಲ.

ಅಂಗಡಿಯ ಮಾತು

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಶವಸಂಸ್ಕಾರದ ವೃತ್ತಿಯವರು ಈ ಹೊಸ ಶಾಸ್ತ್ರದ ಕಡೆ ತಿರುಗಿದರು. ಅವರಿಗೂ ಅದು ಬೇಕಾಗಿತ್ತು. ಲೋಹದ ಪೆಟ್ಟಿಗೆ, ರೇಷ್ಮೆಯ ಹಾಸು, ಬಣ್ಣ ಬಳಿದ ಮುಖ, ಹೂವಿನ ರಾಶಿ, ಇಷ್ಟೆಲ್ಲ ಏಕೆ ಎಂದು ಕೇಳುವವರು ಆಗಲೇ ಹುಟ್ಟಿಕೊಂಡಿದ್ದರು. ‘ಇದು ಆಡಂಬರವಲ್ಲ, ಚಿಕಿತ್ಸೆ’ ಎಂಬ ಉತ್ತರ ಸಿಕ್ಕಿತು. ಸಿದ್ಧಪಡಿಸಿದ ಶವವನ್ನು ಶಾಂತವಾಗಿ ಮಲಗಿದಂತೆ ನೋಡಿದರೆ ಮನೆಯವರಿಗೆ ಒಂದು ಸುಂದರ ‘ನೆನಪಿನ ಚಿತ್ರ’ ಉಳಿಯುತ್ತದೆ. ಅದರಿಂದ ದುಃಖ ಶಮನವಾಗುತ್ತದೆ. ಆದ್ದರಿಂದ ನಾವು ವ್ಯಾಪಾರಿಗಳಲ್ಲ, ದುಃಖದ ವೈದ್ಯರು ಎಂಬುದು ವಾದ.

ಈ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಪಾಲ್ ಐರಿಯನ್ ೧೯೫೪ರಲ್ಲಿಯೂ, ಎಡ್ಗರ್ ಜ್ಯಾಕ್ಸನ್ ೧೯೫೭ರಲ್ಲಿಯೂ ಬರೆದ ಪುಸ್ತಕಗಳು ಶೋಕವನ್ನು ಗಂಭೀರವಾಗಿಯೇ ವಿಚಾರಿಸಿದವು. ಇಬ್ಬರೂ ಧರ್ಮಬೋಧಕರು. ಅಂತ್ಯಕ್ರಿಯೆ ಎಂಬುದು ಸತ್ತವರಿಗಾಗಿ ಮಾತ್ರವಲ್ಲ, ಉಳಿದವರಿಗಾಗಿಯೂ ನಡೆಯುತ್ತದೆ. ಸಾವು ನಿಜವೆಂದು ಅದು ಎಲ್ಲರ ಎದುರಿಗೆ ಸಾರುತ್ತದೆ. ಅಳಲು ಅನುಮತಿ ಕೊಡುತ್ತದೆ. ಇದು ನಿಜ. ೧೯೭೭ರಲ್ಲಿ ಆಸ್ಟ್ರೇಲಿಯದ ಗ್ರ್ಯಾನ್‌ವಿಲ್ ಎಂಬಲ್ಲಿ ರೈಲು ಹಳಿ ತಪ್ಪಿ, ಮೇಲಿನ ಸೇತುವೆ ಕುಸಿದು ೮೩ ಜನ ಸತ್ತಾಗ, ಶವ ಜಜ್ಜಿಹೋಗಿದೆಯೆಂದು ಅನೇಕ ಬಂಧುಗಳಿಗೆ ತೋರಿಸಲಿಲ್ಲ. ಮುಂದೆ ವಿಚಾರಿಸಿದಾಗ, ನೋಡದೆ ಹೋದವರಲ್ಲಿ ಬಹುಮಂದಿ ಅದಕ್ಕಾಗಿ ಪರಿತಪಿಸಿದರು. ನೋಡಿದವರಲ್ಲಿ ಹಾಗೆ ಪರಿತಪಿಸಿದವರು ಅಪರೂಪ. ಮುಖ ನೋಡುವುದರಲ್ಲಿ ಅರ್ಥವಿದೆ. ಆದರೆ ಆ ಮುಖಕ್ಕೆ ಬಣ್ಣವೇ ಬೇಕು, ಪೆಟ್ಟಿಗೆಗೆ ಹಿತ್ತಾಳೆಯ ಹಿಡಿಯೇ ಬೇಕು ಎಂಬುದು ಇದರಿಂದ ಸಿದ್ಧವಾಗುವುದಿಲ್ಲ.

ಇದೇ ಜಾಗದಲ್ಲಿ ಬೆರಳಿಟ್ಟವಳು ಜೆಸಿಕ ಮಿಟ್‌ಫರ್ಡ್. ಇಂಗ್ಲೆಂಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ನೆಲೆಸಿದ್ದ ಈ ಲೇಖಕಿಯ ‘ದಿ ಅಮೆರಿಕನ್ ವೇ ಆಫ್ ಡೆತ್’ ೧೯೬೩ರಲ್ಲಿ ಹೊರಬಂದು ಕೈಗೆ ಸಿಗದಂತೆ ಮಾರಾಟವಾಯಿತು. ದುಃಖದ ಮೊದಲ ದಿನ ಮನುಷ್ಯ ಚೌಕಾಶಿ ಮಾಡಲಾರ. ನಾಲ್ಕು ಅಂಗಡಿ ಸುತ್ತಲಾರ. ಅಗ್ಗದ ಪೆಟ್ಟಿಗೆಯನ್ನು ಕೇಳಿದರೆ ಸತ್ತವರಿಗೆ ದ್ರೋಹ ಬಗೆದಂತೆ ನಾಚುತ್ತಾನೆ. ಈ ಸ್ಥಿತಿಯನ್ನು ಬಲ್ಲವನೇ ಎದುರಿಗೆ ಕುಳಿತು ಮಾರುತ್ತಿದ್ದಾನೆ ಎಂದು ಅವಳು ತೋರಿಸಿಕೊಟ್ಟಳು. ದುಃಖದ ಚಿಕಿತ್ಸೆ ಎಂಬ ಮಾತನ್ನು ಲೇವಡಿ ಮಾಡಿ, ಅದಕ್ಕೆ ವೈದ್ಯಶಾಸ್ತ್ರದ ಆಧಾರವೆಲ್ಲಿ ಎಂದು ಕೇಳಿದಳು.

ಪ್ರಶ್ನೆಯ ತಿರುಳು ಇದು: ಲಿಂಡೆಮನ್ ಕಂಡ ಅಪರಾಧಭಾವ, ಶಕ್ತಿಹೀನತೆ, ದಿಕ್ಕುತೋಚದಿರುವಿಕೆ, ಇವೆಲ್ಲ ವೈದ್ಯನ ಕೈಯಲ್ಲಿ ದುಃಖಿತನನ್ನು ಅರಿಯುವ ಸಾಧನ, ಅಂಗಡಿಯವನ ಕೈಯಲ್ಲಿ ಅವೇ ಮಾರಾಟದ ಸಾಧನ. ವಿದ್ಯೆ ಒಂದೇ; ಕೂತ ಜಾಗ ಬೇರೆ. ಸರ್ಕಾರ ಮಧ್ಯೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮ ೧೯೮೪ರಲ್ಲಿ ಜಾರಿಗೆ ಬಂದಿತು. ಪ್ರತಿಯೊಂದು ಸೇವೆಗೂ ಬೇರೆ ಬೇರೆ ಬೆಲೆಯ ಪಟ್ಟಿ ಕೊಡಬೇಕು. ಟೆಲಿಫೋನಿನಲ್ಲಿ ಕೇಳಿದರೂ ಬೆಲೆ ಹೇಳಬೇಕು. ಕಾನೂನು ಕೇಳದೆ ಇರುವಾಗ ಎಂಬಾಮಿಂಗ್ ಕಡ್ಡಾಯವೆಂದು ಹೇಳಕೂಡದು. ಆ ವೃತ್ತಿಯಲ್ಲಿ ಸಜ್ಜನರೂ ಬಹಳ ಇದ್ದರು ಎಂಬುದನ್ನು ಮರೆಯಬಾರದು. ಅಂತ್ಯಕ್ರಿಯೆ ಮುಗಿದ ಕೆಲವು ವಾರಗಳ ಮೇಲೆ ಮನೆಯವರನ್ನು ವಿಚಾರಿಸುವ, ದುಃಖಿತರ ಕೂಟಗಳನ್ನು ನಡೆಸುವ ‘ಅನಂತರದ ಆರೈಕೆ’ಯನ್ನು ಅನೇಕರು ತಮ್ಮ ಕೆಲಸಕ್ಕೆ ಸೇರಿಸಿಕೊಂಡರು.

ನೆರೆಯವರನ್ನು ಮತ್ತೆ ಹುಡುಕಿದ್ದು

ಅಮೆರಿಕದವರು ದುಃಖಕ್ಕೆ ಬೆಲೆ ಕಟ್ಟಿದರೆ, ಇಂಗ್ಲಿಷರು ಅದನ್ನು ಬಚ್ಚಿಟ್ಟರು. ಜೆಫ್ರಿ ಗೋರರ್ ಎಂಬ ಮಾನವಶಾಸ್ತ್ರಜ್ಞನ ತಂದೆ ೧೯೧೫ರಲ್ಲಿ ‘ಲುಸಿಟೇನಿಯ’ ಹಡಗಿನೊಂದಿಗೆ ಮುಳುಗಿಹೋದವನು. ೧೯೬೧ರಲ್ಲಿ ತಮ್ಮ ತೀರಿಕೊಂಡಾಗ ಗೋರರ್ ಒಂದು ವಿಚಿತ್ರವನ್ನು ಕಂಡ. ಪಾನಗೋಷ್ಠಿಗೆ ಕರೆದವರಿಗೆ ‘ನಾನು ಶೋಕದಲ್ಲಿದ್ದೇನೆ, ಬರಲಾರೆ’ ಎಂದರೆ, ಏನೋ ಅಶ್ಲೀಲವನ್ನು ನುಡಿದವನನ್ನು ನೋಡುವಂತೆ ಅವರು ಮುಜುಗರಪಟ್ಟರು. ೧೯೬೫ರಲ್ಲಿ ಅವನು ಪ್ರಕಟಿಸಿದ ಪುಸ್ತಕದ ವಾದ ಸರಳ: ಕಪ್ಪು ಬಟ್ಟೆ, ಶೋಕದ ಅವಧಿ, ಕಾಣಲು ಬರುವ ಕ್ರಮ, ಇವನ್ನೆಲ್ಲ ಹಳೆಯದೆಂದು ಬಿಟ್ಟವರಿಗೆ ಅಳುವುದು ಎಷ್ಟು ದಿನ, ನಿಲ್ಲಿಸುವುದು ಎಂದು, ಎಂಬುದೇ ತಿಳಿಯದೆ ಹೋಗಿದೆ.

ಇದಕ್ಕೆ ಪರಿಹಾರ ಬಂದದ್ದು ಹೆಂಗಸರಿಂದ. ಇಂಗ್ಲೆಂಡಿನಲ್ಲಿ ಮಾರ್ಗರೆಟ್ ಟಾರಿ ೧೯೫೯ರಲ್ಲಿ ವಿಧವೆಯರಿಗಾಗಿ ‘ಕ್ರೂಸ್’ ಎಂಬ ಸಂಸ್ಥೆಯನ್ನು ಆರಂಭಿಸಿದಳು. ಬೈಬಲಿನಲ್ಲಿ ಬರುವ ಬಡ ವಿಧವೆಯ, ಎಷ್ಟು ಬಗ್ಗಿಸಿದರೂ ಬರಿದಾಗದ ಎಣ್ಣೆಯ ಕುಡಿಕೆಯ ಹೆಸರು ಅದು. ಬಾಸ್ಟನ್ನಿನಲ್ಲಿ ೧೯೬೭ರಲ್ಲಿ ಫಿಲಿಸ್ ಸಿಲ್ವರ್‌ಮನ್ ‘ವಿಧವೆಯಿಂದ ವಿಧವೆಗೆ’ ಎಂಬ ಯೋಜನೆಯನ್ನು ಕೈಗೊಂಡಳು. ಗಂಡನನ್ನು ಕಳೆದುಕೊಂಡು ಹೇಗೋ ಚೇತರಿಸಿಕೊಂಡ ಹೆಂಗಸು, ಆಗತಾನೆ ಕಳೆದುಕೊಂಡವಳ ಬಾಗಿಲಿಗೆ ಹೋಗಿ, ‘ನನಗೂ ಹೀಗೆಯೇ ಆಗಿತ್ತು’ ಎಂದು ಕೂರುವುದು. ಇಷ್ಟೇ ಯೋಜನೆ. ಬೆಂಕಿಯ ರಾತ್ರಿಯಿಂದ ಇಪ್ಪತ್ತೈದು ವರ್ಷ ದುಃಖವನ್ನು ಅಳೆದು ನೋಡಿದ ಅದೇ ನಗರ, ಕೊನೆಗೆ ಪಕ್ಕದಲ್ಲಿ ಬಂದು ಕೂರುವ ಹೆಂಗಸನ್ನು ಮತ್ತೆ ಹುಡುಕಿಕೊಂಡಿತು.

ಮೆಟ್ಟಿಲುಗಳ ಭ್ರಮೆ

೧೯೬೯ರಲ್ಲಿ ಷಿಕಾಗೋದ ವೈದ್ಯೆ ಎಲಿಜಬೆತ್ ಕೂಬ್ಲರ್-ರಾಸ್ ಸಾಯುತ್ತಿರುವ ರೋಗಿಗಳನ್ನು ಮಾತಾಡಿಸಿ ಬರೆದ ಪುಸ್ತಕ ಜಗತ್ಪ್ರಸಿದ್ಧವಾಯಿತು. ನಿರಾಕರಣೆ, ಸಿಟ್ಟು, ಚೌಕಾಶಿ, ಖಿನ್ನತೆ, ಒಪ್ಪಿಗೆ ಎಂಬ ಐದು ಘಟ್ಟಗಳನ್ನು ಅವಳು ಹೇಳಿದ್ದು ಸಾಯುವವರನ್ನು ಕುರಿತು. ಜನ ಅದನ್ನು ಉಳಿದವರಿಗೆ ಅಂಟಿಸಿದರು. ಎಷ್ಟೋ ಉಪದೇಶಕರು ಅದನ್ನು ಮೆಟ್ಟಿಲು ಹತ್ತಿದಂತೆ ಹತ್ತಿಸಲು ಹೊರಟರು. ದುಃಖಕ್ಕೆ ಅಂಥ ಮೆಟ್ಟಿಲುಗಳಿಲ್ಲ ಎಂಬುದು ಮುಂದಿನ ಸಂಶೋಧನೆಗಳಿಂದ ಸ್ಪಷ್ಟವಾಗಿದೆ. ೧೯೮೨ರಲ್ಲಿ ವಿಲಿಯಂ ವರ್ಡನ್ ಒಂದು ಉಪಯುಕ್ತ ಭೇದವನ್ನು ಮಾಡಿದ: ಸಹಜ ದುಃಖಕ್ಕೆ ಬೇಕಾದದ್ದು ಜೊತೆಗಾರಿಕೆ; ಸಿಕ್ಕುಬಿದ್ದ ದುಃಖಕ್ಕೆ ಬೇಕಾದದ್ದು ಚಿಕಿತ್ಸೆ. ೧೯೯೬ರಲ್ಲಿ ಸಿಲ್ವರ್‌ಮನ್ ಮತ್ತು ಅವಳ ಸಂಗಡಿಗರು, ಸತ್ತವರೊಡನೆ ಕಟ್ಟು ಬಿಡಿಸಿಕೊಳ್ಳಲೇಬೇಕೆಂಬ ಹಳೆಯ ಸಿದ್ಧಾಂತವನ್ನು ಪ್ರಶ್ನಿಸಿದರು. ಆ ಸಂಬಂಧ ರೂಪ ಬದಲಾಯಿಸಿ ಮುಂದುವರಿಯುವುದು ರೋಗವಲ್ಲ ಎಂದರು. ಫ್ರಾಯ್ಡನ ಸಿದ್ಧಾಂತಕ್ಕಿಂತ ಅವನ ಕಾಗದವೇ ನಿಜವಾಯಿತು. ವರ್ಷಕ್ಕೊಮ್ಮೆ ತಿಥಿ ಮಾಡಿ, ಎಡೆಯಿಟ್ಟು, ತಾತನಿಗೆ ಇಷ್ಟವಾದ ಅಡಿಗೆ ಇದು ಎಂದು ಮಕ್ಕಳಿಗೆ ಹೇಳುವ ನಮಗೆ ಇದು ಹೊಸ ಮಾತೇನೂ ಅಲ್ಲ.

ಇನ್ನೊಂದು ತಿಳಿವಳಿಕೆಯೂ ಬಂದಿದೆ. ಜಾರ್ಜ್ ಬೊನ್ಯಾನೊ ಮೊದಲಾದವರ ಅಧ್ಯಯನಗಳ ಪ್ರಕಾರ ದುಃಖಿತರಲ್ಲಿ ಬಹುಮಂದಿ ಯಾವ ತಜ್ಞನ ನೆರವೂ ಇಲ್ಲದೆ ಚೇತರಿಸಿಕೊಳ್ಳುತ್ತಾರೆ. ಎಲ್ಲರಿಗೂ ಉಪದೇಶ, ಎಲ್ಲರಿಗೂ ಚಿಕಿತ್ಸೆ ಎಂಬುದು ಅನಾವಶ್ಯಕ. ಆದರೆ ಕೆಲವರು ಮಾತ್ರ ಒಂದೇ ಕಡೆ ನಿಂತುಬಿಡುತ್ತಾರೆ. ಅಂಥವರ ಸ್ಥಿತಿಯನ್ನು ಅಮೆರಿಕದ ಮನೋವೈದ್ಯರ ಸಂಘ ೨೦೨೨ರಲ್ಲಿ ಒಂದು ವ್ಯಾಧಿಯೆಂದು ತನ್ನ ಕೈಪಿಡಿಯಲ್ಲಿ ಸೇರಿಸಿತು. ವಯಸ್ಕರಲ್ಲಿ ಸಾವಾಗಿ ಒಂದು ವರ್ಷವಾದರೂ ಕಳೆದಿರಬೇಕೆಂದು ಗೊತ್ತುಮಾಡಿತು. ಪ್ರೀತಿಗೆ ಗಡುವು ಹಾಕುವುದೆ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಆಕ್ಷೇಪ ಸಹಜ. ಆದರೆ ಅಳದೆ ಮನೆಗೆ ಹೋದ ಆ ಮೂವತ್ತೆರಡು ವರ್ಷದವನನ್ನು ನೆನೆದರೆ, ಯಾರಿಗೆ ನೆರವು ಬೇಕೆಂದು ಗುರುತಿಸುವ ವಿದ್ಯೆ ಬೇಡವೆನ್ನಲು ಬಾಯಿ ಬರುವುದಿಲ್ಲ.

ನಮ್ಮ ಮನೆಯ ಮಾತು

ಇಷ್ಟನ್ನು ಓದಿ ‘ನಮ್ಮಲ್ಲಿ ಎಲ್ಲವೂ ಮೊದಲೇ ಇತ್ತು’ ಎಂದು ಬೀಗುವುದು ಸುಲಭ. ಇತ್ತು, ನಿಜ. ಹತ್ತು ಹದಿಮೂರು ದಿನಗಳ ಕಟ್ಟಳೆ, ದಿನದಿನಕ್ಕೂ ಒಂದು ಕೆಲಸ, ಬಂದುಹೋಗುವ ಜನ, ಇವೆಲ್ಲ ದುಃಖಿತನನ್ನು ಒಂಟಿಯಾಗಿ ಬಿಡಲಿಲ್ಲ. ಆದರೆ ಅದೇ ಹದಿಮೂರು ದಿನಗಳಲ್ಲಿ ಹೆಂಗಸಿನ ಬಳೆ ಒಡೆದು, ಕೆಲವು ಜಾತಿಗಳಲ್ಲಿ ತಲೆ ಬೋಳಿಸಿ, ಅವಳ ಮುಖ ಕಂಡರೆ ಅಪಶಕುನವೆಂದವರೂ ನಾವೇ. ಸತ್ತವನಿಗೆ ಸದ್ಗತಿ ಬೇಡಿದ ನೆರೆಹೊರೆಯೇ ಉಳಿದವಳನ್ನು ಮೂಲೆಗೆ ತಳ್ಳಿತು. ಸಾಲ ಮಾಡಿ ವೈಕುಂಠ ಸಮಾರಾಧನೆಯ ಊಟ ಹಾಕಿದ ಬಡವನಿಗೂ, ಲೋಹದ ಪೆಟ್ಟಿಗೆ ಕೊಂಡ ಅಮೆರಿಕದವನಿಗೂ ಹೆಚ್ಚು ಅಂತರವಿಲ್ಲ. ಇಬ್ಬರನ್ನೂ ಆಳಿದ್ದು ‘ಜನ ಏನೆಂದಾರು’ ಎಂಬ ಭಯವೇ.

ಹೀಗಿರುವಾಗ ಶಾಸ್ತ್ರ ಬೇಡ, ಸಂಪ್ರದಾಯ ಸಾಕು ಎನ್ನುವಂತಿಲ್ಲ. ೧೯೮೪ರ ಡಿಸೆಂಬರ್‌ನಲ್ಲಿ ಭೋಪಾಲದ ವಿಷಾನಿಲ ಸಾವಿರಾರು ಜನರನ್ನು ಕೊಂದಾಗ, ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಮನೋವೈದ್ಯರು ಅಲ್ಲಿನ ಸಾಮಾನ್ಯ ವೈದ್ಯರಿಗೆ ಸಂತ್ರಸ್ತರ ಮನಸ್ಸಿನ ಆರೈಕೆಯಲ್ಲಿ ತರಬೇತಿ ಕೊಡುವ ಕೆಲಸದಲ್ಲಿ ಭಾಗವಹಿಸಿದರು. ೧೯೯೯ರ ಒಡಿಶಾ ಚಂಡಮಾರುತ, ೨೦೦೧ರ ಗುಜರಾತ್ ಭೂಕಂಪ, ೨೦೦೪ರ ಸುನಾಮಿ, ಇವುಗಳ ಅನಂತರವೂ ಆ ಸಂಸ್ಥೆ ಊರಿನ ಕಾರ್ಯಕರ್ತರಿಗೆ ಈ ಕೆಲಸವನ್ನು ಕಲಿಸಿತು. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರತಿ ಮನೆಗೂ ಒಬ್ಬ ಮನೋವೈದ್ಯನನ್ನು ಕಳುಹಿಸಲು ಅವರು ಹೋಗಲಿಲ್ಲ. ಹಾಗೆ ಕಳುಹಿಸುವಷ್ಟು ಮನೋವೈದ್ಯರು ದೇಶದಲ್ಲಿ ಇರಲೂ ಇಲ್ಲ. ಅದೇ ಊರಿನ, ಅದೇ ಮಾತಿನ ಜನರಿಗೆ, ದುಃಖಿತರು ಹೇಳುವುದನ್ನು ತಾಳ್ಮೆಯಿಂದ ಕೇಳುವುದು ಹೇಗೆ, ಯಾರನ್ನು ವೈದ್ಯರ ಬಳಿಗೆ ಕಳುಹಿಸಬೇಕು ಎಂಬುದನ್ನು ಹೇಳಿಕೊಟ್ಟರು. ಶಾಸ್ತ್ರ ನೆರೆಯವರನ್ನು ಹೊರಗೆ ಹಾಕದೆ ಅವರಿಗೇ ವಿದ್ಯೆಯನ್ನು ಒಪ್ಪಿಸಿತು.

ನಗರದಲ್ಲಿ ಶವವಾಹನಕ್ಕೆ ಬಾಡಿಗೆ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಪುರೋಹಿತನಿಗೆ ದಕ್ಷಿಣೆ, ಚಿತಾಗಾರಕ್ಕೆ ಶುಲ್ಕ, ಬೇಕಾದವರಿಗೆ ಮನೋವೈದ್ಯನ ಫೀಜು, ಎಲ್ಲವೂ ಸರಿಯೇ. ಆದರೆ ಇವರೆಲ್ಲ ತಮ್ಮ ತಮ್ಮ ಕೆಲಸ ಮುಗಿಸಿ ಹೊರಟುಹೋದ ಮೇಲೆ, ಹದಿನಾಲ್ಕನೆಯ ದಿನ ಸಂಜೆ ಒಂದು ಮನೆಯಲ್ಲಿ ದೀಪ ಹಚ್ಚುವ ಹೊತ್ತು ಬರುತ್ತದೆ. ಆ ಹೊತ್ತಿನಲ್ಲಿ ಎದುರು ಬಾಗಿಲನ್ನು ತಟ್ಟಿ, ಕಾಫಿ ಕುಡಿಯುವ ನೆಪದಲ್ಲಿ ಅರ್ಧ ಗಂಟೆ ಕುಳಿತು, ಸತ್ತವರ ಹೆಸರನ್ನು ಸಹಜವಾಗಿ ಎತ್ತಿ ಮಾತಾಡಿ ಬರುವುದಕ್ಕೆ ಯಾವ ಪದವಿಯೂ ಬೇಕಾಗಿಲ್ಲ. ಎದುರು ಬಾಗಿಲಿನವರ ಹೆಸರನ್ನು ಮಾತ್ರ ಅದಕ್ಕೆ ಮೊದಲೇ ತಿಳಿದುಕೊಂಡಿರಬೇಕಾಗುತ್ತದೆ.